ಸಂಪಾದಕರ ಉತ್ತರ: ಕಿರೀಟ ಗೆಲ್ಲದ ಮಿಲ್ಡಾ ಲೌಬೆರ್ಟೆ

ಮಾನ್ಯರೇ,

2024ರಲ್ಲಿ ಬುಡಾಪೆಸ್ಟ್‌ನಲ್ಲಿ ಭಾರತದ ಮಹಿಳೆಯರು ಗೆದ್ದ ಚದುರಂಗ ಒಲಿಂಪಿಯಾಡ್ ಕಪ್, ಮೊದಲ ಮಹಿಳಾ ವಿಶ್ವ ಚಾಂಪಿಯನ್ ವೆರಾ ಮೆನ್ಚಿಕ್ ಅವರ ಹೆಸರಿನದು ಎಂದು ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಪತ್ರ ಬರೆದಿದ್ದೀರಿ. ಮೆನ್ಚಿಕ್ ಕಾಲದ ಕೂಟಗಳ ಪಟ್ಟಿಯಲ್ಲಿ ಕಾಣುವ ಮಿಲ್ಡಾ ಲೌಬೆರ್ಟೆ ಯಾರು, ವಿಶ್ವ ಕಿರೀಟವನ್ನೇ ಗೆಲ್ಲದ ಅವರನ್ನು ಇಂದು ನೆನೆಯುವ ಅಗತ್ಯವೇನು, ಅವರನ್ನು ಸೋವಿಯತ್ ಆಟಗಾರ್ತಿ ಎನ್ನಬಹುದೇ ಎಂಬುದು ತಮ್ಮ ಪ್ರಶ್ನೆ.

ಲಾಟ್ವಿಯಾದ ಚದುರಂಗ ಆಟಗಾರ್ತಿ ಲೌಬೆರ್ಟೆ ಹುಟ್ಟಿದ್ದು 1918ರಲ್ಲಿ. ಲಾಟ್ವಿಯಾ ಸ್ವಾತಂತ್ರ್ಯ ಘೋಷಿಸಿಕೊಂಡದ್ದೂ ಅದೇ ವರ್ಷ. ಆ ಪುಟ್ಟ ದೇಶದಲ್ಲಿ ಚದುರಂಗ ಆಗ ಚೆನ್ನಾಗಿ ಬೇರೂರಿತ್ತು. 1937ರ ಬೇಸಿಗೆಯಲ್ಲಿ ಕೆಮೆರಿಯಲ್ಲಿ ನಡೆದ ಕೂಟದಲ್ಲಿ ಅಲ್ಲಿನವರೇ ಆದ ವ್ಲಾಡಿಮಿರ್ಸ್ ಪೆಟ್ರೋವ್ಸ್, ರೆಶೆವ್ಸ್ಕಿ ಮತ್ತು ಫ್ಲೋರ್ ಅವರೊಡನೆ ಮೊದಲ ಸ್ಥಾನ ಹಂಚಿಕೊಂಡು ಮಾಜಿ ವಿಶ್ವ ಚಾಂಪಿಯನ್ ಅಲೆಖಿನ್ ಅವರಂಥವರನ್ನೇ ಹಿಂದಿಕ್ಕಿದ್ದರು. ಅದಾದ ಕೆಲವೇ ವಾರಗಳಲ್ಲಿ ಹದಿನೆಂಟರ ಲೌಬೆರ್ಟೆ ಸ್ಟಾಕ್‌ಹೋಮ್‌ನ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಿ, ಪಟ್ಟಿಯ ಮೇಲಿನ ಸಾಲಿನಲ್ಲೇ ನಿಂತರು. ಆ ಕೂಟದಲ್ಲಿ ಮೆನ್ಚಿಕ್ 14 ಸುತ್ತುಗಳಲ್ಲಿ 14ನ್ನೂ ಗೆದ್ದಿದ್ದರೆಂದರೆ, ಉಳಿದವರು ಆಡುತ್ತಿದ್ದದ್ದು ಎರಡನೆಯ ಸ್ಥಾನಕ್ಕೆ ಮಾತ್ರ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

1939ರಲ್ಲಿ ಯುರೋಪಿನ ಅನೇಕ ತಂಡಗಳು ಆಂಟ್‌ವರ್ಪ್‌ನಿಂದ ಒಂದೇ ಹಡಗಿನಲ್ಲಿ ಒಲಿಂಪಿಯಾಡ್‌ಗಾಗಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋದವು. ಕೂಟದ ನಡುವೆಯೇ, ಸೆಪ್ಟೆಂಬರ್ 1ರಂದು, ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಇಂಗ್ಲೆಂಡಿನ ಪುರುಷರ ತಂಡ ಆಟ ಬಿಟ್ಟು ಊರಿಗೆ ಮರಳಿತು; ಜರ್ಮನಿ ಮತ್ತು ಪ್ಯಾಲೆಸ್ಟೈನ್ ತಂಡಗಳು ಎದುರುಬದುರು ಕೂರದೆಯೇ 2–2 ಎಂದು ಒಪ್ಪಿಕೊಂಡವು. ಅದರ ಜೊತೆಗೇ ನಡೆದ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ನಿಲ್ಲದೆ 19 ಸುತ್ತುಗಳನ್ನು ಮುಗಿಸಿತು. ಮೆನ್ಚಿಕ್ 18 ಅಂಕಗಳೊಂದಿಗೆ ಗೆದ್ದರಾದರೂ, ಜರ್ಮನಿಯಲ್ಲಿ ಹುಟ್ಟಿದ ಪ್ರತಿಸ್ಪರ್ಧಿ ಸೋನ್ಯಾ ಗ್ರಾಫ್ ಅವರೆದುರಿನ ನಿರ್ಣಾಯಕ ಆಟದಲ್ಲಿ ಅವರು ಸೋಲಿನ ಅಂಚಿಗೆ ಬಂದಿದ್ದರು. ಗ್ರಾಫ್ ಅರ್ಜೆಂಟೀನಾದಲ್ಲೇ ಉಳಿದರು. ಇಲ್ಲಿಯೂ ಮುಂಚೂಣಿಯಲ್ಲೇ ಆಡಿದ್ದ ಲೌಬೆರ್ಟೆ ಲಾಟ್ವಿಯಾಕ್ಕೆ ಮರಳಿದರು.

ತಮ್ಮ ಪ್ರಶ್ನೆಗೆ ನನ್ನ ಉತ್ತರ ಇರುವುದು ಅದರ ಮುಂದಿನ ವರ್ಷಗಳಲ್ಲಿ. 1940ರಲ್ಲಿ ಸೋವಿಯತ್ ಒಕ್ಕೂಟ ಲಾಟ್ವಿಯಾವನ್ನು ನುಂಗಿತು, ಮರುವರ್ಷ ಜರ್ಮನ್ ಸೇನೆ ಬಂತು, 1944ರಲ್ಲಿ ಮತ್ತೆ ಸೋವಿಯತ್ ಆಡಳಿತ. ಪೆಟ್ರೋವ್ಸ್ 1942ರಲ್ಲಿ ಬಂಧಿತರಾಗಿ, ಮರುವರ್ಷ ಸೋವಿಯತ್ ಶಿಬಿರದಲ್ಲಿ ತೀರಿಕೊಂಡರು. 1944ರ ಜೂನ್‌ನಲ್ಲಿ ಲಂಡನ್ ಮನೆಯ ಮೇಲೆ ಜರ್ಮನ್ ಹಾರುಬಾಂಬು ಬಿದ್ದು ಮೆನ್ಚಿಕ್ ತಾಯಿ ಮತ್ತು ತಂಗಿಯೊಡನೆ ಮಡಿದರು. ಕಿರೀಟಕ್ಕಾಗಿ ಮುಂದಿನ ಕೂಟ ಮಾಸ್ಕೋದಲ್ಲಿ ನಡೆದದ್ದು 1949ರ ಕೊನೆಗೆ. ಲ್ಯುದ್ಮಿಲಾ ರುದೆಂಕೊ ಗೆದ್ದ ಆ ಕೂಟದಲ್ಲಿ ಲೌಬೆರ್ಟೆ ಇರಲಿಲ್ಲ. ಆಟ ಮಾಗಬೇಕಾದ ಇಪ್ಪತ್ತರಿಂದ ಮೂವತ್ತರ ನಡುವಿನ ಹತ್ತು ವರ್ಷ ಅವರಿಗೆ ಏರಲು ಮೆಟ್ಟಿಲೇ ಇರಲಿಲ್ಲ. ಸ್ವದೇಶದ ಚಾಂಪಿಯನ್ ಪಟ್ಟವನ್ನು ಒಂದಕ್ಕಿಂತ ಹೆಚ್ಚು ಸಲ ಗೆದ್ದ ಆಟಗಾರ್ತಿಯನ್ನು, ನಡೆಯದೇ ಹೋದ ಕೂಟಗಳನ್ನು ಗೆಲ್ಲಲಿಲ್ಲವೆಂದು ಪಕ್ಕಕ್ಕೆ ಸರಿಸುವುದು ನ್ಯಾಯವಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಸೋವಿಯತ್ ಎಂಬ ವಿಶೇಷಣದ ಬಗ್ಗೆ: ಎರಡೂ ವಿಶ್ವ ಕೂಟಗಳಲ್ಲಿ ಅವರು ಆಡಿದ್ದು ಸ್ವತಂತ್ರ ಲಾಟ್ವಿಯಾದ ಪರವಾಗಿ. 1991ರಲ್ಲಿ ಆ ದೇಶ ಮತ್ತೆ ಸ್ವತಂತ್ರವಾದಾಗಲೂ ಅವರು ಬದುಕಿದ್ದರು, ತೀರಿಕೊಂಡದ್ದು 2009ರಲ್ಲಿ. ಆದ್ದರಿಂದ ನಮ್ಮ ಪತ್ರಿಕೆಯಲ್ಲಿ ಅವರನ್ನು ಲಾಟ್ವಿಯಾದ ಆಟಗಾರ್ತಿ ಎಂದೇ ಬರೆಯುತ್ತೇವೆ.

— ಸಂಪಾದಕ