ಹೋಟೆಲ್ ಟೋಸ್ಟಿನ ಗೋಳು: ಹಡಗಿನ ಕಿಚನ್ ಕಂಡವನ ಉತ್ತರ

ಸಿಂಗಾಪುರದ ಹೋಟೆಲಿನಲ್ಲೂ, ಆಮೇಲೆ ಕ್ರೂಸ್ ಹಡಗಿನಲ್ಲೂ ಟೋಸ್ಟ್ ಮೊದಲನೇ ಸಲ ಬೆಳ್ಳಗೇ ಬಂತು, ಎರಡನೇ ಸಲ ಹಾಕಿದರೆ ಕರಕಲಾಯಿತು, ತಪ್ಪು ಬ್ರೆಡ್ಡಿನದಾ ಮೆಷಿನ್ನಿನದಾ ಅಂತ ಕೇಳಿದ್ದೀರಿ. ಮುಂದಿನ ಸಲ ಸಣ್ಣ ಟೋಸ್ಟರ್ ಜೊತೆಗೇ ಒಯ್ಯಲಾ ಅಂತಲೂ ಕೇಳಿದ್ದೀರಿ. ಬೇಕರಿ ಹಾಕುವ ಮೊದಲು ನಾನು ಕೆಲವು ವರ್ಷ ಹಡಗಿನ ಕಿಚನ್ನಿನಲ್ಲಿ ಬೆಳಗಿನ ಪಾಳಿ ಮಾಡಿದ್ದೇನೆ. ನಮ್ಮ ಕರಾವಳಿಯವರು ಆ ಕೆಲಸದಲ್ಲಿ ಬೇಕಾದಷ್ಟು ಜನ ಇದ್ದಾರೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಬ್ರೆಡ್ಡಿನ ತಪ್ಪು ಕಡಿಮೆ. ಬಫೆಯಲ್ಲಿ ಇಟ್ಟಿರುತ್ತಾರಲ್ಲ, ಸರಪಳಿ ಮೇಲೆ ಬ್ರೆಡ್ ಸಾಗುವ ಮೆಷಿನ್, ಅದಕ್ಕೆ ಕೆಂಪಗಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಮೇಲೆ ಕೆಳಗೆ ಕಾಯಿಲ್ ಇರುತ್ತದೆ, ಬ್ರೆಡ್ ಒಂದೇ ವೇಗದಲ್ಲಿ ಹೋಗಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಗಂಟೆಗೆ 300 ಸ್ಲೈಸ್ ಹೊರಗೆ ಬರಬೇಕು, ಅಷ್ಟೇ ಅದರ ಚಿಂತೆ.

ಬ್ರೆಡ್ಡಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರು. ಮೇಲ್ಮೈ ಒಣಗದೆ ಬಿಸಿ 100 ಡಿಗ್ರಿ ದಾಟುವುದಿಲ್ಲ. ಬಣ್ಣ ಚೆನ್ನಾಗಿ ಬರಲು ಸುಮಾರು 140 ಬೇಕು. ಮೊದಲನೇ ಸುತ್ತು ಪೂರ್ತಿ ಒಣಗಿಸುವುದಕ್ಕೇ ಹೋಗುತ್ತದೆ, ಹಾಗಾಗಿ ಬೆಳ್ಳಗೆ ಬರುತ್ತದೆ. ಎರಡನೇ ಸುತ್ತಿಗೆ ಹೋಗುವಾಗ ಮೈ ಆಗಲೇ ಒಣಗಿರುತ್ತದೆ, ಬಿದ್ದ ಬಿಸಿಯೆಲ್ಲ ಬಣ್ಣಕ್ಕೇ. ಅರ್ಧ ದಾರಿಯಲ್ಲೇ ಹೊಂಬಣ್ಣ, ಹೊರಗೆ ಬರುವಾಗ ಇದ್ದಿಲು. ಎರಡು ಸಲ ಹಾಕುವುದೆಂದರೆ ಎರಡರಷ್ಟು ಕೆಂಪು ಅಂತಲ್ಲ.

ಅದಕ್ಕೇ ಮೊದಲನೇ ಸುತ್ತಿಗೇ ವೇಗದ ಗುಂಡಿಯನ್ನು ಒಂದು ಮೆಟ್ಟಿಲು ನಿಧಾನಕ್ಕೆ ತಿರುಗಿಸಿ. ಅಲ್ಲಿ ನಿಂತ ಹುಡುಗನಿಗೆ ಹೇಳಿಯೇ ತಿರುಗಿಸಿ, ನಿಮ್ಮ ಹಿಂದಿನವರ ಬ್ರೆಡ್ ಸುಟ್ಟರೆ ಬೈಗುಳ ಅವನಿಗೆ. ಜನ ನುಗ್ಗುವ ಹೊತ್ತಿನಲ್ಲಿ ತಣ್ಣನೆ ಬ್ರೆಡ್ ಸಾಲಾಗಿ ಹೋಗಿ ಮೆಷಿನ್ನಿನ ಕಾವೂ ಇಳಿದಿರುತ್ತದೆ, ಆಗ ಇನ್ನೂ ಬೆಳ್ಳಗೆ. ಬೆಣ್ಣೆ ಹಚ್ಚಿದ ಬ್ರೆಡ್, ಪದರ ಪದರಕ್ಕೂ ಬೆಣ್ಣೆ ಇರುವ ಕ್ರೋಸಾಂಟ್ ಮಾತ್ರ ಅದರೊಳಗೆ ಹಾಕಲೇಬೇಡಿ. ಬೆಣ್ಣೆ ಕಾಯಿಲ್ ಮೇಲೆ ತೊಟ್ಟಿಕ್ಕಿ ಹೊತ್ತಿಕೊಳ್ಳುತ್ತದೆ. ಸಮುದ್ರದ ನಡುವೆ ಹೊಗೆ ಅಂದರೆ ತಮಾಷೆಯಲ್ಲ.

ಸುಟ್ಟ ಟೋಸ್ಟಿನ ಗೋಳು ನಿಮ್ಮೊಬ್ಬರದೇ ಅಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಚಾರ್ಲ್ಸ್ ಸ್ಟ್ರೈಟ್ ಅನ್ನುವ ಮೆಕ್ಯಾನಿಕ್ ಕಾರ್ಖಾನೆ ಕ್ಯಾಂಟೀನಿನ ಕರಕಲು ಟೋಸ್ಟ್ ತಿಂದು ತಿಂದು ಬೇಸತ್ತೇ, ತಾನಾಗಿ ಮೇಲೆ ಹಾರುವ ಟೋಸ್ಟರ್ ಮಾಡಿದ್ದು. 1921ರಲ್ಲಿ ಪೇಟೆಂಟ್ ಸಿಕ್ಕಿತು. ಅವನು ಅದನ್ನು ಮಾಡಿದ್ದು ಹೋಟೆಲು, ಕ್ಯಾಂಟೀನುಗಳಿಗೆ. ಈಗ ನೋಡಿ, ಅದು ಮನೆ ಸೇರಿತು, ಹೋಟೆಲಿಗೆ ಸರಪಳಿ ಬಂತು!

ಇನ್ನು ಚರ್ಮದ ಹಾಗೆ ಎಳೆಯಬೇಕಾದ ಟೋಸ್ಟ್. ಅದು ಟೋಸ್ಟನ್ನು ತಕ್ಷಣ ತಿನ್ನದೆ ಹಾಗೇ ಇಟ್ಟಿದ್ದರ ಫಲ. ಕಾವಲಿಯಿಂದ ಎದ್ದ ದೋಸೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಗರಿ ಉಳಿಯುತ್ತದಾ? ಟೋಸ್ಟಿನ ಒಳಗಿನ ಹಬೆ ಹೊರಗೆ ಬರುತ್ತಲೇ ಇರುತ್ತದೆ. ತಟ್ಟೆ ಮೇಲೆ ಮಲಗಿಸಿದರೆ ಅಡಿಭಾಗ ಬೆವರುತ್ತದೆ. ರೂಮಿಗೆ ತರಿಸಿದರೆ ಸ್ಟೀಲ್ ಮುಚ್ಚಳ, ಇಲ್ಲವೇ ಬಟ್ಟೆ ಸುತ್ತಿಯೇ ತರುತ್ತಾರೆ, ನಾನೂ ಎಷ್ಟೋ ಸಲ ಸುತ್ತಿ ಕಳಿಸಿದ್ದೇನೆ. ಸ್ಲೈಸುಗಳನ್ನು ಬಿಡಿಬಿಡಿಯಾಗಿ ನಿಲ್ಲಿಸುವ ಇಂಗ್ಲಿಷರ ಟೋಸ್ಟ್ ಸ್ಟ್ಯಾಂಡಿನಲ್ಲಿ ಗರಿ ಉಳಿಯುತ್ತದೆ, ಬಿಸಿ ಹೋಗುತ್ತದೆ. ಎರಡು ಸ್ಲೈಸನ್ನು ಗುಡಿಸಲಿನ ಮಾಡಿನ ಹಾಗೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಒಂದೇ ನಿಮಿಷ. ಆಮೇಲೆ ಬೆಣ್ಣೆ. ಆ ಬೆಣ್ಣೆ ಪೊಟ್ಟಣವೋ ಕಲ್ಲು. ಕಾಫಿ ತಂದ ತಕ್ಷಣ ಪೊಟ್ಟಣವನ್ನು ಕಪ್ಪಿಗೆ ಒತ್ತಿ ಇಡಿ, ಬ್ರೆಡ್ ಹರಿಯದೆ ಹಚ್ಚಬಹುದು.

ಆದರೆ ನಾನಾಗಿದ್ದರೆ ಮೆಷಿನ್ ಹತ್ತಿರ ಹೋಗುವುದೇ ಇಲ್ಲ. ಆಮ್ಲೆಟ್ ಮಾಡುವವನ ಹತ್ತಿರ ಹೋಗುತ್ತೇನೆ. ಅವನ ಮುಂದೆ ಸಪಾಟಾದ ಬಿಸಿ ಕಾವಲಿ ಇದ್ದರೆ ಎರಡು ಸ್ಲೈಸ್ ಕೊಟ್ಟು, ಬೆಣ್ಣೆ ಹಾಕಿ ಎರಡೂ ಕಡೆ ಒತ್ತಿ ಕೊಡು ಅಂತ ಕೇಳಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಯಲ್ಲಿ ಬ್ರೆಡ್ ಟೋಸ್ಟ್ ಆಗುವುದು ಹೀಗೇ ಅಲ್ವಾ? ಬ್ರೆಡ್ ನೇರ ಕಬ್ಬಿಣಕ್ಕೆ ತಾಗುತ್ತದೆ, ಬೇಗ ಕೆಂಪಾಗುತ್ತದೆ, ಒಳಗೆ ಮೆತ್ತಗೇ ಉಳಿಯುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ ಆಮ್ಲೆಟ್ಟಿಗೆ ಅಂತ ಹೇಗೂ ಹೆಚ್ಚಿಟ್ಟಿರುತ್ತಾರೆ, ಅದನ್ನೂ ಬಾಡಿಸಿ ಮೇಲೆ ಹಾಕಿಸಿಕೊಳ್ಳಿ. ಎಂಟೂವರೆಯ ನೂಕುನುಗ್ಗಲಿನಲ್ಲಿ ಕೇಳಬೇಡಿ, ಬಾಗಿಲು ತೆಗೆದ ಹೊತ್ತಿಗೇ ಹೋಗಿ.

ಟೋಸ್ಟರ್ ಒಯ್ಯುವ ವಿಚಾರ ಬಿಟ್ಟುಬಿಡಿ. ಬಿಸಿಯಾಗುವ ಸಾಮಾನು, ಅಂದರೆ ಟೋಸ್ಟರ್, ಕೆಟಲ್, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಕ್ರೂಸ್ ಹಡಗಿಗೆ ಬಿಡುವುದಿಲ್ಲ. ಹತ್ತುವಾಗ ಸ್ಕ್ಯಾನ್‌ನಲ್ಲಿ ಸಿಕ್ಕಿದರೆ ಎತ್ತಿಟ್ಟುಕೊಂಡು ಇಳಿಯುವ ದಿನ ಕೊಡುತ್ತಾರೆ. ಒಬ್ಬರ ದೋಸೆ ಕಾವಲಿ ಕೂಡ ಹಾಗೆ ಏಳು ದಿನ ನಮ್ಮ ಹಡಗಿನ ಸ್ಟೋರಿನಲ್ಲಿ ಕೂತಿತ್ತು.