ಕೊಲೆಸ್ಟ್ರಾಲ್ ಹೊತ್ತ ಲಿಪೊಪ್ರೋಟೀನ್ ಕಣ (ರಕ್ತದಲ್ಲಿ ಕೊಬ್ಬನ್ನು ಸಾಗಿಸುವ, ಕೊಬ್ಬು ಮತ್ತು ಪ್ರೋಟೀನ್ ಸೇರಿದ ಕಣ) ಜೀವಕೋಶದ ಪೊರೆಯಲ್ಲಿ ನೇರವಾಗಿ ಬೆರೆತುಹೋಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಜೀವಕೋಶದ ಪೊರೆಯಲ್ಲಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳು ಎರಡು ಪದರಗಳಾಗಿದ್ದರೆ, ಸುಮಾರು 22 ನ್ಯಾನೊಮೀಟರ್ ವ್ಯಾಸದ ಎಲ್‌ಡಿಎಲ್ (‘ಕೆಟ್ಟ ಕೊಲೆಸ್ಟ್ರಾಲ್’ ಎನಿಸಿಕೊಳ್ಳುವ ಲಿಪೊಪ್ರೋಟೀನ್) ಕಣದ ಹೊರಮೈಯಲ್ಲಿರುವುದು ಒಂದೇ ಪದರ. ಒಳಗಿನ ತಿರುಳಿನಲ್ಲಿ ಕೊಲೆಸ್ಟ್ರಾಲ್ ಎಸ್ಟರ್‌ಗಳು (ಕೊಬ್ಬಿನಾಮ್ಲದೊಂದಿಗೆ ಬೆಸೆದ ಕೊಲೆಸ್ಟ್ರಾಲ್) ತುಂಬಿರುತ್ತವೆ, ಮೇಲೆ ಅಪೊಬಿ-100 ಎಂಬ ಒಂದೇ ಒಂದು ದೈತ್ಯ ಪ್ರೋಟೀನ್ ಸುತ್ತಿಕೊಂಡಿರುತ್ತದೆ. ಈ ಪ್ರೋಟೀನನ್ನು ಗುರುತಿಸುವ, ಪೊರೆಯ ಮೇಲಿನ ಗ್ರಾಹಕ ಪ್ರೋಟೀನುಗಳು ಕಣವನ್ನು ಹಿಡಿದಾಗ, ಪೊರೆಯೇ ಒಳಕ್ಕೆ ಕುಳಿಬಿದ್ದು ಚೀಲವಾಗಿ ಕಣವನ್ನು ಇಡಿಯಾಗಿ ಒಳಗೆಳೆದುಕೊಳ್ಳುತ್ತದೆ. ಆ ಚೀಲದ ಆಮ್ಲೀಯತೆ ಹೆಚ್ಚಿದಂತೆ ಗ್ರಾಹಕ ಕಳಚಿಕೊಂಡು ಮೇಲ್ಮೈಗೆ ಮರಳುತ್ತದೆ, ಕಣ ಜೀವಕೋಶದೊಳಗಿನ ಜೀರ್ಣಚೀಲವಾದ ಲೈಸೊಸೋಮ್‌ನಲ್ಲಿ ಒಡೆದು ಕೊಲೆಸ್ಟ್ರಾಲ್ ಬಿಡುಗಡೆಯಾಗುತ್ತದೆ. ಇದನ್ನು ಬಿಡಿಸಿ ತೋರಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಸಂದಿತು.

‘ಒಳ್ಳೆಯ ಕೊಲೆಸ್ಟ್ರಾಲ್’ ಎನಿಸಿಕೊಳ್ಳುವ ಇನ್ನೊಂದು ಲಿಪೊಪ್ರೋಟೀನ್ ಎಚ್‌ಡಿಎಲ್‌ನ ರೀತಿ ಬೇರೆ. ಅದರ ಅಪೊಎ-1 ಪ್ರೋಟೀನಿನ ಸುರುಳಿಗಳ ಒಂದು ಮಗ್ಗುಲು ನೀರಿಗೂ ಇನ್ನೊಂದು ಮಗ್ಗುಲು ಕೊಬ್ಬಿಗೂ ಒಗ್ಗುವುದರಿಂದ, ಎಬಿಸಿಎ1 ಎಂಬ ಪೊರೆಯ ಪ್ರೋಟೀನ್ ಹೊರದೂಡುವ ಫಾಸ್ಫೋಲಿಪಿಡ್ ಮತ್ತು ಕೊಲೆಸ್ಟ್ರಾಲನ್ನು ಅದು ಅಲ್ಲೇ ಬಾಚಿಕೊಳ್ಳುತ್ತದೆ. ಯಕೃತ್ತಿನಲ್ಲಿ ಎಸ್‌ಆರ್-ಬಿ1 ಎಂಬ ಗ್ರಾಹಕವು ಕಣವನ್ನು ನುಂಗದೆಯೇ ತಿರುಳಿನ ಎಸ್ಟರನ್ನು ಮಾತ್ರ ಹೀರಿಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ ಇದೇ. ಇದಲ್ಲದೆ, ಎಸ್ಟರ್ ಆಗದ ಕೊಲೆಸ್ಟ್ರಾಲ್ ಅಣುಗಳು ಗ್ರಾಹಕದ ನೆರವಿಲ್ಲದೆಯೂ ನೀರಿನ ಮೂಲಕ ಕಣ ಮತ್ತು ಪೊರೆಗಳ ನಡುವೆ ನಿಧಾನವಾಗಿ ಅತ್ತಿತ್ತ ಸಾಗುತ್ತವೆ.