ಹಣ್ಣಿನ ಸಕ್ಕರೆ ಅಂತ ಜೇನು ಸುರಿದುಕೊಳ್ಳಬಹುದಾ?

ಪ್ರಶ್ನೆ: ನಮ್ಮ ಮಾವನವರಿಗೆ ಶುಗರ್ ಇದೆ. ಕಾಫಿಗೆ ಸಕ್ಕರೆ ಬಿಟ್ಟಿದ್ದಾರೆ. ಆದರೆ ದಿನಾ ಅಕ್ಕಿ ರೊಟ್ಟಿಗೆ ಜೇನು ಸುರಿದುಕೊಳ್ಳುತ್ತಾರೆ. ಕೇಳಿದರೆ, ‘ಇದು ಹಣ್ಣಲ್ಲಿರೋ ಸಕ್ಕರೆ, ಏನೂ ಮಾಡಲ್ಲ’ ಅನ್ನುತ್ತಾರೆ. ಈಗ ಬಾಟಲಿಯ ತಳ ಸಕ್ಕರೆ ತರಹ ಗಟ್ಟಿಯಾಗಿದೆ. ಕಲಬೆರಕೆಯಾ?
– ಹೆಸರು ಬೇಡ, ನಾಪೋಕ್ಲು

ಉತ್ತರ: ಗಟ್ಟಿಯಾಗುವುದು ಕಲಬೆರಕೆಯ ಗುರುತಲ್ಲ. ಜೇನಿನಲ್ಲಿ ಸುಮಾರು ಶೇ 38 ಫ್ರಕ್ಟೋಸ್, ಅಂದರೆ ಮಾವನವರು ಹೇಳುವ ಹಣ್ಣಿನ ಸಕ್ಕರೆ. ಗ್ಲೂಕೋಸ್ ಶೇ 31ರಷ್ಟು. ಇದು ಅಷ್ಟು ಸುಲಭವಾಗಿ ಕರಗಿ ನಿಲ್ಲುವುದಿಲ್ಲ, ಹರಳಾಗಿ ತಳ ಸೇರುತ್ತದೆ. 14 ಡಿಗ್ರಿ ಆಸುಪಾಸಿನಲ್ಲಂತೂ ಇನ್ನೂ ಬೇಗ. ನಮ್ಮ ಡಿಸೆಂಬರ್ ರಾತ್ರಿಗಳು ಗೊತ್ತಲ್ಲ! ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಡಿ, ಕರಗುತ್ತದೆ. ಕುದಿಸಬೇಡಿ.

ನನ್ನ ತಕರಾರು ಮಾವನವರ ಲೆಕ್ಕದ ಮೇಲೆ. ನಾನೂ ಪಾಪುಟ್ಟಿಗೆ ಜೇನು ಹಾಕಿಕೊಂಡು ಬೆಳೆದವಳೇ, ತುಡುವೆ ಜೇನು ಅಂದರೆ ಈಗಲೂ ಬಾಯಲ್ಲಿ ನೀರು. ಆದರೆ ಶುದ್ಧ ಜೇನೂ ಶುಗರ್ ಏರಿಸುತ್ತದೆ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಅದೇ ಚಮಚದಲ್ಲಿ ಜೇನು 7 ಗ್ರಾಂ ತೂಗುತ್ತದೆ, ಅದರಲ್ಲಿ 6 ಗ್ರಾಂನಷ್ಟು ಸಕ್ಕರೆಯೇ. ಚಮಚದ ಲೆಕ್ಕದಲ್ಲಿ ಜೇನಿನದ್ದೇ ಜಾಸ್ತಿ ಆಯ್ತಲ್ವಾ? ಇನ್ನು, ಬಿಳಿ ಸಕ್ಕರೆಯಲ್ಲೂ ಅರ್ಧ ಫ್ರಕ್ಟೋಸೇ, ಅರ್ಧ ಗ್ಲೂಕೋಸ್. ಅದನ್ನು ನಮ್ಮ ಕರುಳು ಒಡೆಯುತ್ತದೆ. ಮಕರಂದದ ಸಕ್ಕರೆಯನ್ನು ಜೇನುಹುಳ ಮೊದಲೇ ಒಡೆದಿಟ್ಟಿರುತ್ತದೆ, ಅಷ್ಟೇ.

ಬರೀ ಫ್ರಕ್ಟೋಸ್ ಆದರೆ ರಕ್ತದ ಶುಗರ್ ತಕ್ಷಣ ಅಷ್ಟು ಏರುವುದಿಲ್ಲ, ನಿಜ. ಅದು ಹೆಚ್ಚಾಗಿ ಹೋಗುವುದು ಲಿವರ್‌ಗೆ. ಮಿತಿ ಮೀರಿದರೆ ಅಲ್ಲಿ ಕೊಬ್ಬಾಗುತ್ತದೆ. ಮನೆಯ ಮೀಟರ್‌ನಲ್ಲಿ ಇದು ಕಾಣುವುದೇ ಇಲ್ಲ.

ಹಾಗಂತ ಹಣ್ಣು ಬಿಡಿಸಬೇಡಿ. ಒಂದು ಕೊಡಗಿನ ಕಿತ್ತಳೆಯಲ್ಲಿ 9-10 ಗ್ರಾಂ ಸಕ್ಕರೆ ಇರಬಹುದು, ಆದರೆ ಜೊತೆಗೆ ನಾರಿದೆ, ನೀರಿದೆ. ತೊಳೆ ತೊಳೆ ಬಿಡಿಸಿ ತಿನ್ನುವಾಗ ಒಂದಕ್ಕೇ ಸಾಕು ಅನಿಸುತ್ತದೆ. ಜ್ಯೂಸ್ ಮಾಡಿದರೆ ಮೂರು ಹಣ್ಣು ಗಟಗಟ ಒಳಗೆ! ಜ್ಯೂಸ್ ಬೇಡ.

ರೊಟ್ಟಿಗೆ ಜೇನಿನ ಬದಲು ಎಣ್ಣೆಗಾಯಿಯೋ ಚಟ್ನಿಯೋ ಕೊಡಿ. ಹಠ ಹಿಡಿದರೆ ವಾರಕ್ಕೊಮ್ಮೆ ಅರ್ಧ ಚಮಚ, ಅದೂ ಡಾಕ್ಟರನ್ನು ಕೇಳಿ. ಜೇನನ್ನು ಮನೆಯಲ್ಲಿ ಇಟ್ಟಿರಿ. ಮಾತ್ರೆ ತಗೊಳ್ಳುವವರಿಗೆ ಒಮ್ಮೊಮ್ಮೆ ಶುಗರ್ ಇಳಿದು ಕೈ ನಡುಗಿ ಬೆವರುತ್ತದೆ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಆಗ ಒಂದು ದೊಡ್ಡ ಚಮಚ ಜೇನು ಕೊಡಿ. 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ.